ಆರು ಹಾಸಿನ ದೂರ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ರುದ್ರಾಣಿಯಷ್ಟು ನಿಖರವಾಗಿ ಹೆಜ್ಜೆಯಿಡುವವರು ಬೇರೊಬ್ಬರಿರಲಿಲ್ಲ. ಬಿಸಿಲೇರುವ ಮೊದಲೇ ಮಗ್ಗಕ್ಕೇರಿಸುವ ರೇಷ್ಮೆ ಎಳೆಗಳ ಹಾಸನ್ನು ಬೀದಿಯುದ್ದ ಎಳೆದು ಕಟ್ಟುವಾಗ, ಕೊನೆಯ ಗೂಟ ಎಲ್ಲಿ ನೆಡಬೇಕೆಂದು ಅವಳ ಕಾಲೇ ಹೇಳುತ್ತಿತ್ತು. ಮೂರು ಸೀರೆಯ ಉದ್ದಕ್ಕೆ ಒಂದು ಹಾಸು. ಹಾಸೊಂದಕ್ಕೆ ಅವಳ ಇಪ್ಪತ್ತೆಂಟು ಹೆಜ್ಜೆ.

೧೯೫೮ರಲ್ಲಿ, ದುಬೈಯಲ್ಲಿ ಅಂಗಡಿಯಿಟ್ಟಿದ್ದ ಗುಜರಾತಿ ಜವಳಿ ವ್ಯಾಪಾರಿಯೊಬ್ಬ ಅವಳ ಗಂಡ ಮುತ್ತಯ್ಯನನ್ನು ಸೀರೆಗಳ ಉಸ್ತುವಾರಿಗೆಂದು ಕರೆದೊಯ್ದ. ರುದ್ರಾಣಿ ಜೊತೆಗೆ ಹೋಗಿ ವ್ಯಾಪಾರಿಯ ಮಗಳು ಹಂಸಾಳನ್ನು ಸಾಕಿದಳು. ಆಗ ಅದು ಕಡಲಂಚಿನ ಸಣ್ಣ ಊರು, ಬೆನ್ನಿಗೆಲ್ಲ ಮರಳು. ಮೂರು ವರ್ಷ ಕಳೆದು, ಊರಿಗೆ ಹೊರಡುವ ಹಿಂದಿನ ದಿನ, ಅಲ್ಲೇ ಹುಟ್ಟಿದ್ದ ನಾಲ್ಕು ತಿಂಗಳ ಮಗಳು ಜ್ವರದಿಂದ ತೀರಿಕೊಂಡಳು. ಮುತ್ತಯ್ಯ ಗುಡಿಸಲುಗಳಾಚೆ ಮಣ್ಣು ಮಾಡಿದ. ಗುರುತಿಗೆ ಮರವಿಲ್ಲ, ಕಲ್ಲಿಲ್ಲ. ಕಡಲು ಏರಿ ನಿಲ್ಲುವ ಗೆರೆಯಿಂದ ಹೆಂಡತಿಯನ್ನೇ ನೇರ ನಡೆಸಿ ಅಳೆಸಿದ. ಸರಿಯಾಗಿ ಆರು ಹಾಸು.

“ಮರಳು ಜರುಗ್ತದೆ, ಗುಡ್ಲು ಕಿತ್ತಾಕ್ತರೆ. ಕಡಲು ಎಲ್ಗ್ ಓದದು ಕನಮ್ಮಿ? ಆರ್ ಆಸು, ನೆಪ್ಪಿಟ್ಕೊ.”

ಮೂರನೆಯ ದಿನ ಮಗುವಿಗೆ ಹಾಲುತುಪ್ಪ ಬಿಡಬೇಕಾದ ಹೊತ್ತಿನಲ್ಲಿ ಅವರು ಹಡಗಿನಲ್ಲಿದ್ದರು. ಆ ಕೊರತೆಯನ್ನು ಎದೆಯಲ್ಲಿಟ್ಟುಕೊಂಡೇ ಮುತ್ತಯ್ಯ ಕಣ್ಮುಚ್ಚಿದ. ಆರು ಹಾಸಿನ ಲೆಕ್ಕವನ್ನು ಅವನು ಬೀದಿಗೆಲ್ಲ ಹೇಳಿಕೊಂಡಿದ್ದ.

೧೯೭೪ರಲ್ಲಿ ಹಂಸಾ ತನ್ನ ಬಾಣಂತನಕ್ಕೆ ರುದ್ರಾಣಿಯನ್ನು ದುಬೈಗೆ ಕರೆಸಿಕೊಂಡಳು. ಪಕ್ಕದ ಮನೆಯ ಗುರುಸಿದ್ದಮ್ಮ ಬಾಗಿಲಲ್ಲೇ ಹಿಡಿದಳು.

“ಚಿನ್ನದ ಊರ್ಗ್ ಓಯ್ತಿದ್ದೀಯ, ನಂಗೂ ಒಂದ್ ಜೊತೆ ಬಳೆ ತಕಂಡ್ ಬಾ ಕನಕ್ಕ!”

“ನಿನ್ ಕೈಗಾಗೋ ಬಳೆ ಅಲ್ಲೂ ಮಾಡಿಲ್ಲ, ಸುಮ್ನಿರು.”

ಲೊಕ್ಕನಹಳ್ಳಿಯ ಎಮ್ಮೆತುಪ್ಪದ ಸೀಸೆಯನ್ನು ಸೀರೆಗಳ ನಡುವೆ ಸುತ್ತಿಟ್ಟುಕೊಂಡದ್ದು ಯಾರಿಗೂ ತಿಳಿಯಲಿಲ್ಲ.

ದುಬೈ ಅವಳನ್ನು ಗುರುತಿಸಲಿಲ್ಲ. ಅವಳೂ ಅದನ್ನು ಗುರುತಿಸಲಿಲ್ಲ. ಗುಡಿಸಲಿದ್ದ ಕಡೆ ಮಹಡಿ ಕಟ್ಟಡಗಳು, ಕತ್ತೆ ನಡೆದ ದಾರಿಯಲ್ಲಿ ಕಾರುಗಳು. ಅದಕ್ಕೆಲ್ಲ ಅವಳು ಬೆದರಲಿಲ್ಲ. ಒಂದು ಮುಂಜಾನೆ ಹಾಲು, ತುಪ್ಪ ಹಿಡಿದು ಕಡಲಂಚಿಗೆ ಹೋಗಿ, ನೀರಿಗೆ ಬೆನ್ನು ಮಾಡಿ ನಡೆದಳು. ಆರನೆಯ ಹಾಸು ಹೊಸ ರಸ್ತೆಯ ಪಕ್ಕದ ಬರಿನೆಲದಲ್ಲಿ ಮುಗಿಯಿತು. ಮಗಳ ಮೇಲೆ ಮನೆ ಎದ್ದಿಲ್ಲವಲ್ಲ ಎಂಬ ನೆಮ್ಮದಿಯಲ್ಲಿ ಕೂತು, ಕೊನೆಯ ಹನಿಯವರೆಗೂ ಬಿಟ್ಟಳು.

ಹತ್ತಿರದ ಕಟ್ಟಡದ ಕಾವಲುಗಾರ, ಸೇಲಂ ಕಡೆಯವನು, ಬಂದು ತಮಿಳಿನಲ್ಲಿ ಕೇಳಿದ: “ಇಲ್ಲೇನಮ್ಮಾ ಪೂಜೆ?”

ತಮಿಳು ಬಲ್ಲ ರುದ್ರಾಣಿ ಹೇಳಿದಳು: “ನನ್ನ ಮಗಳು ಇಲ್ಲಿದ್ದಾಳೆ.”

ಅವನು ತಡವರಿಸಿದ. “ನಾನು ಬಂದ ವರ್ಷ ಇಲ್ಲಿ ದೋಣಿ ನಿಲ್ಲುತ್ತಿತ್ತಮ್ಮಾ. ಆಮೇಲೆ ಕಡಲಿಗೆ ಮಣ್ಣು ತುಂಬಿದರು.”

“ಹಳೆಯ ದಡ ಎಲ್ಲಿತ್ತು?”

ಅವನ ಕೈ ಕಟ್ಟಡಗಳ ಸಾಲಿನತ್ತ ಅಡ್ಡಡ್ಡ ಆಡಿತು. “ಅಲ್ಲೆಲ್ಲೋ.”

ಪಾತ್ರೆಯಲ್ಲಿ ಏನೂ ಉಳಿದಿರಲಿಲ್ಲ. ಅವಳು ಕೈಯಿಂದ ಮಣ್ಣು ಕೆದಕಿದಳು, ಕಪ್ಪೆಚಿಪ್ಪಿನ ಚೂರುಗಳೆದ್ದವು. ಬಿಸಿಲಿಗೆ ತುಪ್ಪ ಇಂಗುವವರೆಗೂ ಅಲ್ಲೇ ಕೂತಿದ್ದಳು.

ಊರಿಗೆ ಬಂದ ಮರುದಿನ ಹಾಸು ಕಟ್ಟುವಾಗ ಗುರುಸಿದ್ದಮ್ಮ ದನಿ ತಗ್ಗಿಸಿ ಕೇಳಿದಳು. “ಮಗೀನ ಜಾಗ ಸಿಕ್ತಾ ಅಕ್ಕ?”

ಸುಳ್ಳಾಡುವವರನ್ನು ರುದ್ರಾಣಿ ಹೊಸ್ತಿಲು ತುಳಿಯಲು ಬಿಡುತ್ತಿರಲಿಲ್ಲ. ಆದರೆ ಮುತ್ತಯ್ಯನ ಮಾತು ಹುಸಿಯಾಯಿತೆಂದು ಈ ಬೀದಿ ಆಡಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

“ಸಿಕ್ತು. ಅವ್ರು ಯೋಳಿದ್ ಕಡೇಲೇ ಇತ್ತು.”

ಎಂದವಳೇ ಗೂಟ ಎತ್ತಿಕೊಂಡು, ಹೆಜ್ಜೆಗಳನ್ನು ಮೊದಲಿನಿಂದ ಎಣಿಸತೊಡಗಿದಳು.