ನನ್ನ ಪರವಾಗಿ ಅತ್ತೆ ಕೊಟ್ಟ ಮಾತು

ಮೊನ್ನೆ ಹೆಮ್ಮಿಗೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಗೋಡೆಗೆ ಯಾರೋ ಇಬ್ಬರು ಚುನಾವಣೆ ಪೋಸ್ಟರ್ ಅಂಟಿಸುತ್ತಿದ್ದರು. ಬಕೆಟ್ಟಿನಲ್ಲಿದ್ದ ಮೈದಾ ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿಯಿತು. ನಾನು ಚುನಾವಣೆಗೆ ನಿಂತ ವರ್ಷ ಪಕ್ಕದ ಮನೆ ಅತ್ತೆ ನನ್ನ ಪೋಸ್ಟರಿಗೆ ಅದೇ ಗಂಜಿ ಕಾಯಿಸುತ್ತಿದ್ದರು... ಒಂದು ಕೈಯಲ್ಲಿ ಸೌಟು, ಬಾಯಲ್ಲಿ ಎಲೆಅಡಿಕೆ, ಊರಿಗೆಲ್ಲ ಕೇಳುವಂಥ ಗಂಟಲು.

ರಕ್ತಸಂಬಂಧವೇನೂ ಇರಲಿಲ್ಲ. ಮದುವೆಯಾಗಿ ಈ ಊರಿಗೆ ಬಂದಾಗ ನಡುಗೋಡೆಯ ಆಚೆ ಇದ್ದ ವಿಧವೆ ಆಕೆ. ನಾನು ಅತ್ತೆ ಅಂದೆ, ಅದೇ ಉಳಿಯಿತು. ನಮ್ಮ ಪಂಚಾಯಿತಿ ಸೀಟು ಮಹಿಳೆಯರಿಗೆ ಮೀಸಲಾದ ವರ್ಷ, ನಾಲ್ಕಕ್ಷರ ಓದಿದವಳು ಅಂತ ನನ್ನನ್ನು ನಿಲ್ಲಿಸಿದ್ದೂ ಅವರೇ. ನಿಜ ಹೇಳಬೇಕೆಂದರೆ ನಿಲ್ಲುವ ಆಸೆ ಅವರಿಗೇ ಇತ್ತು. ಕೇಳಿದ್ದಕ್ಕೆ, “ನಾನ್ ಬಾಯ್ಬಡ್ಕಿ ಕನ ಮಗಾ, ಮೀಟಿಂಗ್ನಲ್ಲಿ ಜಗಳ ಆಡ್ಬುಡ್ತೀನಿ” ಅಂತ ನಕ್ಕುಬಿಟ್ಟರು.

ಮೊದಲ ದಿನ ಪ್ರಚಾರಕ್ಕೆ ಹೋದಾಗ ನಾನು ಬಾಗಿಲಲ್ಲೇ ಕೈ ಮುಗಿದು, ಉರು ಹೊಡೆದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿ ಮುಂದಿನ ಮನೆಗೆ ಹೊರಟೆ. ಅತ್ತೆ ಸೆರಗು ಹಿಡಿದು ಎಳೆದರು. “ಬಸ್ ಬುಟ್ಟೋಯ್ತದಾ ನಿಂಗೆ? ಕೂತ್ಕೊ. ಅವ್ರ್ ಮಾತ್ನೂ ಒಸಿ ಕೇಳು.”

ಅಲ್ಲಿಂದ ಮುಂದೆ ನಾವು ಕೂತು ಮಾತಾಡಿದೆವು. ಸೊಸೆಯ ಬಾಣಂತನ, ಸತ್ತ ಎಮ್ಮೆ, ನಿಂತುಹೋದ ಪಿಂಚಣಿ... ಓಟಿನ ಮಾತು ಎದ್ದು ಹೊರಡುವಾಗ ಮಾತ್ರ. ಬೆಂಬಲಿಗರ ಕಾಫಿಗೆ ಸಕ್ಕರೆ ಬೇಕಾದರೆ ಅಂಗಡಿಗೆ ಹೋಗಲು ಬಿಡುತ್ತಿರಲಿಲ್ಲ. ನಾಲ್ಕು ಮನೆಯಲ್ಲಿ ಒಂದೊಂದು ಲೋಟ ಕೇಳಿ ತರುತ್ತಿದ್ದರು. “ಸಕ್ರೆ ಕೊಟ್ಟೋರು ನಮ್ಮನ್ನ ಬುಟ್ಕೊಡಕ್ಕಿಲ್ಲ, ನೋಡ್ತಿರು.” ಟೈಲರ್ ಬ್ಯಾನರಿಗೆ ಬಟ್ಟೆ ಕೊಟ್ಟ. ಸ್ತ್ರೀಶಕ್ತಿ ಸಂಘದ ಹೆಂಗಸರು ಕರಪತ್ರ ಅಚ್ಚು ಹಾಕಿಸಿದರು. ಯಾರಾದರೂ ಅತ್ತೆಯನ್ನು ಹೊಗಳಿದರೆ ಮುಖ ಅರಳುತ್ತಿತ್ತು. ಹೊಗಳದಿದ್ದರೆ ಕೇಳಿ ಹೊಗಳಿಸಿಕೊಳ್ಳುತ್ತಿದ್ದರು.

ಕಷ್ಟವಾದದ್ದು ಕೊನೆ ಬೀದಿಯಲ್ಲಿ. ಆ ಬೀದಿಯವರ ಸ್ಮಶಾನಕ್ಕೆ ದಾರಿಯೇ ಇರಲಿಲ್ಲ. ನಡುವೆ ಊರಿನ ದೊಡ್ಡ ಯಜಮಾನರೊಬ್ಬರ ಗದ್ದೆ. ಬೇಸಿಗೆಯಲ್ಲಿ ಹೇಗೋ ದಾಟುತ್ತಿದ್ದರು. ನಾಟಿ ಆದಮೇಲೆ ಹೆಣ ಹೊತ್ತವರು ಒಂದಡಿ ಬದುವಿನ ಮೇಲೆ ಜಾರುತ್ತ ಹೋಗಬೇಕು. “ದಾರಿ ಮಾಡಿಸ್ತೀರಾ?” ಅಂತ ಹೆಂಗಸರು ನೇರವಾಗಿ ಕೇಳಿದರು. ನಾನು ತಡವರಿಸಿದೆ. ಅತ್ತೆ ಎದ್ದು ನಿಂತರು.

“ಮಾಡಿಸ್ತಳೆ. ಮಾಡಿಸ್ದೇ ಓದ್ರೆ ನಮ್ಮನೆ ಬಾಗ್ಲಿಗ್ ಬನ್ನಿ, ನನ್ನ ಕೇಳಿ.”

ಆ ಬೀದಿಯ ಓಟುಗಳಿಂದಲೇ ನಾನು ಗೆದ್ದೆ.

ಗೆದ್ದ ಮೇಲೆ ಅಧ್ಯಕ್ಷೆ ಯಾರು ಅನ್ನುವ ಪ್ರಶ್ನೆ ಬಂತು. ಸದಸ್ಯರಲ್ಲಿ ಹೆಚ್ಚಿನವರು ಆ ಯಜಮಾನರ ಮಾತು ಕೇಳುವವರು. ಯಜಮಾನರು ನನ್ನನ್ನು ಕರೆಸಿ ಕಾಫಿ ಕೊಡಿಸಿ, “ನೀನೇ ಆಗವ್ವ. ಆ ದಾರಿ ವಿಚಾರ ಆಮೇಲ್ ನೋಡಾಣ” ಅಂದರು. ಗದರಿಸಲಿಲ್ಲ, ಆಣೆ ಕೇಳಲಿಲ್ಲ. ನಾನು ಹೂಂ ಅಂತ ತಲೆಯಾಡಿಸಿದೆ, ಅಧ್ಯಕ್ಷೆಯಾದೆ. ಅಷ್ಟು ಸುಲಭವಾಗಿ ಆಗಿಹೋಯಿತು. ಅತ್ತೆ ಕೇಳಿದಾಗಲೆಲ್ಲ ಮುಂದಿನ ಮೀಟಿಂಗು, ಸರ್ವೆಯವರು ಬರಬೇಕು, ಅನುದಾನ ಬರಬೇಕು... ಅನ್ನುತ್ತಿದ್ದೆ. ಅವರು ನಂಬುತ್ತಿದ್ದರು. ಅಥವಾ ನಂಬಿದ ಹಾಗೆ ಇರುತ್ತಿದ್ದರೇನೋ.

ಮಳೆಗಾಲ ಬಂತು, ನಾಲೆಗೆ ನೀರು ಬಿಟ್ಟರು, ನಾಟಿ ಮುಗಿಯಿತು. ಆಗ ಕೊನೆ ಬೀದಿಯಲ್ಲೊಬ್ಬ ಮುದುಕ ತೀರಿಕೊಂಡ. ಬದುವಿನ ಮೇಲೆ ಹೊತ್ತವರ ಕಾಲು ಜಾರಿ ಚಟ್ಟ ವಾಲಿ, ಹೆಣ ಕೆಸರಿಗೆ ಬಿತ್ತು. ಮಣ್ಣು ಮಾಡಿ ಬಂದ ಸಂಜೆ ಅವರೆಲ್ಲ ಬಂದು ನಿಂತದ್ದು ನನ್ನ ಬಾಗಿಲಿಗಲ್ಲ, ಅತ್ತೆಯ ಬಾಗಿಲಿಗೆ.

ನಾನು ನಮ್ಮ ಮನೆಯೊಳಗೇ ಇದ್ದೆ. ಟಿವಿ ಆರಿಸಿದೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದಾಗ, ನಾನಿರುವುದು ಅವರಿಗೆ ತಿಳಿದುಹೋಯಿತೇನೋ ಅಂತ ಓಡಿಹೋಗಿ ಗ್ಯಾಸ್ ಬಂದ್ ಮಾಡಿದೆ.

“ನಿನ್ ಮುಖ ನೋಡಿ ಓಟ್ ಆಕುದ್ವು ಕನಕ್ಕ. ನಮ್ಮಪ್ಪನ ಕೆಸ್ರಲ್ಲಿ ಕೆಡುವುದ್ವಲ್ಲ...” ಹೆಂಗಸೊಬ್ಬಳ ಅಳು ಗೋಡೆಯಾಚೆಯಿಂದ ಕೇಳಿಸಿತು.

ಈಗ ಅತ್ತೆ ನನ್ನ ಹೆಸರು ಹೇಳುತ್ತಾರೆ, ಎಲ್ಲರೂ ಇತ್ತ ತಿರುಗುತ್ತಾರೆ ಅಂದುಕೊಂಡೆ.

“ನಂದೇ ತಪ್ಪು ಕನ್ರವ್ವ. ಮಾತ್ ಕೊಟ್ಟೋಳು ನಾನು.”

ಅಷ್ಟೇ. ಆ ದೊಡ್ಡ ಗಂಟಲು ಅಷ್ಟು ಸಣ್ಣಗಾಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಬಾಗಿಲ ಚಿಲಕದ ಮೇಲೆ ನನ್ನ ಕೈಯಿತ್ತು. ತೆಗೆಯಲಿಲ್ಲ.

ಮರುದಿನ ಅತ್ತೆ ಕೊನೆ ಬೀದಿಗೆ ಹೋಗಿ ಒಂದೊಂದು ಮನೆಯಲ್ಲೂ ಕೂತು, ಕೆಲಸ ಆಗಲಿಲ್ಲ, ತಪ್ಪಾಯಿತು ಅಂತ ಹೇಳಿ ಬಂದರು. ಓಟು ಕೇಳಲು ಹೋದ ಹಾಗೆಯೇ. ವಿಷಯ ತಿಳಿದು ಸಂಜೆ ಅವರ ಮನೆಗೆ ಹೋದೆ. “ನೀವ್ಯಾಕೆ ಹೋದ್ರಿ ಅತ್ತೆ? ನಾನೇ ಹೇಳ್ತಿದ್ನಲ್ಲ” ಅಂದೆ.

ಅವರು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. “ಓಟ್ ಕೇಳಕ್ ಓದೋಳು ನಾನು ತಾನೇ ಮಗಾ. ಆಗ್ನಿಲ್ಲ ಅಂತ ಏಳಕ್ಕೂ ನಾನೇ ಓಗ್ಬೇಕು.”

ಬೈದಿದ್ದರೆ ಕಾಲು ಹಿಡಿಯುತ್ತಿದ್ದೆನೇನೋ. ಬೈಯಲಿಲ್ಲ, ಕಾಫಿ ಕೊಟ್ಟರು. ಆ ವರ್ಷವೇ ಮನೆಗೆ ಬೀಗ ಹಾಕಿ ಹುಲ್ಲಹಳ್ಳಿಗೆ, ಮಗಳ ಮನೆಗೆ ಹೋಗಿಬಿಟ್ಟರು. ನಾನು ಅವಧಿ ಪೂರ್ತಿ ಅಧ್ಯಕ್ಷೆಯಾಗಿಯೇ ಇದ್ದೆ.

ದಾರಿ ಕೊನೆಗೂ ಆಯಿತು. ನನ್ನಿಂದಲ್ಲ. ಕೊನೆ ಬೀದಿಯ ಹೆಂಗಸರೇ ಸೇರಿಕೊಂಡು ನರಸೀಪುರಕ್ಕೆ ಹೋಗಿ, ತಾಲ್ಲೂಕು ಕಚೇರಿ ಮುಂದೆ ಪಟ್ಟು ಹಿಡಿದು ಕೂತರು. ಅತ್ತೆ ಹುಲ್ಲಹಳ್ಳಿಯಿಂದ ನಂಜನಗೂಡಿನಲ್ಲಿ ಬಸ್ ಬದಲಿಸಿ ಬಂದು ಅವರ ಜೊತೆ ಕೂರುತ್ತಿದ್ದರಂತೆ. ಊರಿಗೂ ಬರುತ್ತಿದ್ದರಂತೆ; ಬಂದರೆ ನೇರ ಆ ಬೀದಿಗೆ. ನಮ್ಮ ಕಡೆ ಬರಲಿಲ್ಲ.

ಕಳೆದ ತಿಂಗಳು ಬೆಳಿಗ್ಗೆ ಕೊನೆ ಬೀದಿಯವರೆಲ್ಲ ಟೆಂಪೋ ಮಾಡಿಕೊಂಡು ನಮ್ಮ ಮನೆ ಮುಂದೆಯೇ ಹೋದರು. ಯಾರದೋ ಮದುವೆಯಿರಬೇಕು ಅಂದುಕೊಂಡು ನಾನು ಕೈ ಬೀಸಿದೆ. ಯಾರೂ ಬೀಸಲಿಲ್ಲ. ಅವರು ಹೊರಟದ್ದು ಹುಲ್ಲಹಳ್ಳಿಗೆ, ಅತ್ತೆಯ ಮಣ್ಣಿಗೆ ಅಂತ ಗೊತ್ತಾಗಿದ್ದು ಮರುದಿನ. ನನಗೇಕೆ ಹೇಳಲಿಲ್ಲ ಅಂತ ಕೇಳುವ ಮುಖ ನನಗಿರಲಿಲ್ಲ.

ಹುಲ್ಲಹಳ್ಳಿಗೆ ಹೋಗಿ ಮಗಳನ್ನಾದರೂ ಮಾತಾಡಿಸಬೇಕು. ಎರಡು ಸಲ ಹೊರಟೆ. ಏನಂತ ಮಾತು ಶುರು ಮಾಡಲಿ ಅಂತ ತೋಚದೆ, ಎರಡು ಸಲವೂ ನಂಜನಗೂಡಿನಿಂದಲೇ ವಾಪಸು ಬಂದಿದ್ದೇನೆ.