ಕೂಸು ನಂಬುವ ತನಕ

ನನ್ನ ಮಾವನವರ ಎಡಭುಜ ಬಲಭುಜಕ್ಕಿಂತ ಚೂರು ಕೆಳಗೆ ಇಳಿದಿತ್ತು. ಚರ್ಮದ ಚೀಲ ಹೊತ್ತು ಹೊತ್ತು ಹಾಗಾಗಿತ್ತು. ರೋಣ, ನರಗುಂದ, ಗಜೇಂದ್ರಗಡದ ದಾರಿಗಳಲ್ಲಿ ಅವರು ಹರೆಯದಿಂದ ನಿವೃತ್ತಿಯ ತನಕ ಬಸ್ ಕಂಡಕ್ಟರ್ ಆಗಿದ್ದವರು. ಚೀಲ ಇಳಿಸಿದ ಮೇಲೂ ಭುಜ ಮೇಲೇಳಲಿಲ್ಲ. ಎದುರಿಗೆ ಬಂದವರ ಮುಖವನ್ನು ಮೊದಲು, ಕೈಯನ್ನು ಆಮೇಲೆ, ಮತ್ತೊಮ್ಮೆ ಮುಖವನ್ನು ನೋಡುವ ರೂಢಿಯೂ ಹೋಗಲಿಲ್ಲ. ಮದುವೆಯಾಗಿ ಗಜೇಂದ್ರಗಡದ ಮನೆಗೆ ಬಂದ ದಿನ ಹೊಸ್ತಿಲಲ್ಲಿ ನನ್ನನ್ನೂ ಹಾಗೆಯೇ ನೋಡಿದರು. ಟಿಕೆಟ್ ಇಲ್ಲದೆ ಬಸ್ಸು ಹತ್ತಿದವಳ ಹಾಗೆ ನಾನು ತಲೆ ತಗ್ಗಿಸಿದೆ.

ಅವರಿಗೆ ಎಲ್ಲರ ಮೇಲೂ ಸಂಶಯ. ಹಾಲಿನವನು ಬಂದರೆ ಉಗುರಿನ ಮೇಲೆ ಒಂದು ಹನಿ ಬಿಟ್ಟುಕೊಂಡು ಅದು ಜಾರುವ ಬಗೆ ನೋಡುತ್ತಿದ್ದರು. ಸಂತೆಯಲ್ಲಿ ಚೀಲದ ಬಾಯಿಗೆ ಕಾಣುವ ಜೋಳವನ್ನು ನಂಬದೆ ಮೊಣಕೈ ತನಕ ಕೈ ಇಳಿಸಿ ಬುಡದ ಕಾಳು ತೆಗೆಯುತ್ತಿದ್ದರು. ಗುಳಿಗೆ ತಂದರೆ ಬಿಸಿಲಿಗೆ ಹಿಡಿದು ಹಿಂದಿನ ಅಕ್ಷರ ಓದುತ್ತಿದ್ದರು. ಯಾರು ಏನು ಹೇಳಿದರೂ ಮೊದಲ ಮಾತು “ಖರೇನ?” ಎಂಬುದು. ಎರಡನೆಯದು “ತೋರಸ್ರಿ.”

ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡ ಲಕ್ಕಲಕಟ್ಟಿಯ ಶಾಲೆಯಲ್ಲಿ ಮಾಸ್ತರರು, ಬೆಳಿಗ್ಗೆ ಹೋದರೆ ಸಂಜೆಗೇ ಬರುವವರು. ಹಗಲೆಲ್ಲ ಆ ಸಂಶಯದ ಕಣ್ಣಿನ ಕೆಳಗೆ ಬದುಕಬೇಕಾದವಳು ನಾನು. ಒಮ್ಮೆ ಬೇಸತ್ತು, “ನನ್ನ ಮ್ಯಾಲೂ ನಂಬಿಕಿ ಇಲ್ಲೇನ್ರಿ ಮಾವಾರ?” ಎಂದು ಕೇಳಿಯೇಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ.

“ಸಂಶೇ ಅಂದ್ರ ಬೈಗಳಲ್ಲ ಯವ್ವಾ. ನೋಡಿದ ಮ್ಯಾಲ ನಾನೂ ನಂಬತೀನಿ. ನೋಡೂದಕ್ಕರ ಬಿಡು,” ಎಂದರು.

ಅವರು ನೋಡದೆ ನಂಬುತ್ತಿದ್ದುದು ಒಬ್ಬರನ್ನು ಮಾತ್ರ, ಯಾವಗಲ್ಲ ಎಂಬ ಊರಿನಲ್ಲಿದ್ದ ತಮ್ಮ ಅಕ್ಕನನ್ನು. ತಾಯಿ ಸತ್ತ ಮೇಲೆ ಮಾವನವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರೇ. ಅಕ್ಕ ಹೇಳಿದರೆ ಅದಕ್ಕೆ ‘ಖರೇನ’ ಇರಲಿಲ್ಲ.

ನನ್ನ ಮಗಳು ಹುಟ್ಟಿದ್ದು ಎರಡು ಸಾವಿರದ ದಶಕ ಶುರುವಾದ ಹೊಸದರಲ್ಲಿ. ಕೂಸು ಇನ್ನೂ ತಾನಾಗಿ ಕೂರಲು ಕಲಿತಿರಲಿಲ್ಲ, ಆಗಲೇ ನನಗೆ ಜ್ವರ ಬಂದು ಹಾಸಿಗೆ ಹಿಡಿದೆ. ಎದ್ದು ಕೂರುವ ಹೊತ್ತಿಗೆ ಎದೆಹಾಲು ಬತ್ತಿತ್ತು. ಆಕಳ ಹಾಲು ಶುರು ಮಾಡಿದೆವು. ಕುಡಿದ ಸ್ವಲ್ಪ ಹೊತ್ತಿಗೇ ಬಾಯಿಯ ಸುತ್ತ ಕೆಂಪು ದದ್ದು, ಗಿಂಡಿ ಬಗ್ಗಿಸಿದ ಹಾಗೆ ವಾಂತಿ. ವಾರ ಕಳೆಯುವುದರೊಳಗೆ ಮಲದಲ್ಲಿ ರಕ್ತದ ಎಳೆ ಕಂಡಿತು. ಓಣಿಯವರು ದೃಷ್ಟಿ ಎಂದರು, ಹಲ್ಲು ಬರುವ ಲಕ್ಷಣ ಎಂದರು. ಮಾವನವರು ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾವನೋ ಏನೋ ಮಾಡುತ್ತಿದ್ದಾನೆ ಎಂಬುದು ಅವರ ತೀರ್ಮಾನ. ಮೊದಲು ಹಾಲಿನವನನ್ನು ಹಿಡಿದರು. ಅವನ ಆಕಳ ಕೊಟ್ಟಿಗೆಗೇ ಹೋಗಿ, ತಮ್ಮ ಚರಿಗೆಯಲ್ಲಿ, ತಮ್ಮ ಕಣ್ಣೆದುರೇ ಹಿಂಡಿಸಿಕೊಂಡು ಬಂದರು. ಕೂಸು ಅದನ್ನೂ ಕಕ್ಕಿತು. ಆಮೇಲೆ ನೀರಿನ ಮೇಲೆ ಸಂಶಯ, ಬಾಟಲಿಯ ರಬ್ಬರಿನ ಮೇಲೆ ಸಂಶಯ. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಬಾಟಲಿ ತೊಳೆಯುವುದನ್ನು ನೋಡತೊಡಗಿದರು. ಆ ದಿನ ನನಗೆ ಅಳು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಬಾಟಲಿಯನ್ನು ಅವರ ಮುಂದಿಟ್ಟು, “ನೀವ ತೊಳೀರಿ” ಎಂದೆ. ಅವರು ತೋಳು ಮೇಲೇರಿಸಿ ತೊಳೆದರು. ಕೂಸು ಆಗಲೂ ಕಕ್ಕಿತು.

“ಇದು ನಮ್ಮಿಂದ ಆಗೂದಲ್ಲ. ನಡೀರಿ ಗದಗಕ್ಕ,” ಎಂದರು.

ಗದಗಿನ ಮಕ್ಕಳ ಡಾಕ್ಟರು ಎಲ್ಲ ಕೇಳಿಕೊಂಡು, ಈ ಕೂಸಿನ ಮೈಗೆ ಹಾಲೇ ಆಗಿಬರುವುದಿಲ್ಲ ಎಂದರು. ಆಕಳದ್ದು, ಎಮ್ಮೆಯದು, ಆಡಿನದು ಯಾವುದೂ ಬೇಡ. ಮೊಸರು, ಬೆಣ್ಣೆ, ತುಪ್ಪವೂ ಬೇಡ. ಒಂದು ವಿಶೇಷ ಪುಡಿ ಇದೆ, ಹುಬ್ಬಳ್ಳಿಯಿಂದ ತರಿಸಬೇಕು, ಅದನ್ನೇ ಕಲಸಿ ಕುಡಿಸಿ.

“ಕೂಸಿಗೆ ಹಾಲು ಆಗೂದಿಲ್ಲಂದ್ರ ಹ್ಯಾಂಗ್ರಿ?” ಮಾವನವರು ಮುಂದಕ್ಕೆ ಬಾಗಿದರು. “ಇಷ್ಟ ವರ್ಷದಾಗ ನಾ ಕೇಳಿಲ್ಲ.”

“ಅಪರೂಪ, ಆದರೆ ಇದೆ,” ಎಂದರು ಡಾಕ್ಟರು.

ಹೊರಗೆ ಬಂದ ಮೇಲೆ ಮಾವನವರು ನನ್ನ ಗಂಡನ ಕಿವಿಯಲ್ಲಿ, “ಹುಬ್ಬಳ್ಳಿ ಅಂಗಡಿ ಇವರ ಪೈಕೀದ ಇರಬೇಕು,” ಎಂದರು.

ಪುಡಿಯ ಡಬ್ಬಿ ಬಂತು. ಮುಚ್ಚಳ ತೆಗೆದ ಕೂಡಲೇ ಹಳಸಿದ ಬೇಳೆಯಂಥ, ಒದ್ದೆ ಗೋಣಿಚೀಲದಂಥ ವಾಸನೆ. ಮಾವನವರು ನಾಲಿಗೆಗೆ ಮುಟ್ಟಿಸಿಕೊಂಡು ಕಣ್ಣು ಮುಚ್ಚಿದರು. ಬೇವಿನಷ್ಟು ಕಹಿ. ಡಬ್ಬಿಯ ಮೈಮೇಲಿನ ಇಂಗ್ಲಿಷನ್ನು ಮಗನಿಂದ ಒಂದೊಂದೇ ಸಾಲು ಓದಿಸಿ ಅರ್ಥ ಹೇಳಿಸಿದರು. ನಡುವೆ ಒಂದು ಕಡೆ ನನ್ನ ಗಂಡ ತಡವರಿಸಿದರು. ಇದನ್ನು ಮಾಡಿರುವುದೂ ಹಾಲಿನ ಸತ್ವದಿಂದಲೇ ಎಂದು ಅಲ್ಲಿ ಬರೆದಿತ್ತು.

ಮಾವನವರು ಎದ್ದು ನಿಂತರು. “ಹಾಲು ಬ್ಯಾಡ ಅಂತಾನ. ಹಾಲಿಂದ ಮಾಡಿದ್ದು ಕೊಡ್ತಾನ! ಮುಚ್ಚರಿ ಡಬ್ಬಿ.”

ಆ ದಿನ ಕೂಸಿಗೆ ಅಕ್ಕಿಯ ಗಂಜಿ ನೀರೇ ಗತಿಯಾಯಿತು. ಮರುದಿನ ಮೊದಲ ಬಸ್ಸಿಗೆ ಅವರು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬರೇ ಗದಗಿಗೆ ಹೋದರು. ಅಲ್ಲಿ ಜಗಳವಾಗುತ್ತದೆ, ಇನ್ನು ಆ ಡಾಕ್ಟರು ನಮ್ಮನ್ನು ಒಳಗೆ ಬಿಡುವುದಿಲ್ಲ ಎಂದು ನಾನು ಹೆದರಿ ಕೂತಿದ್ದೆ. ಸಂಜೆ ಬಂದವರ ಮುಖ ಬೇರೆಯಾಗಿತ್ತು. ಚಪ್ಪಲಿ ಬಿಡುತ್ತಲೇ ಹೇಳಿದರು.

“ಡಾಕ್ಟರ್ ಶಾಣ್ಯಾ ಅದಾನವ್ವಾ. ಬಾಯಿಲೆ ಹೇಳಲಿಲ್ಲ, ತೋರಿಸಿದ. ಒಂದ್ ಕಾಗದ ತಗೊಂಡು ನನ್ನ ಮುಂದ ಚೂರ್ ಚೂರ್ ಹರದ. ಇದ್ರಾಗ ಏನ್ ಬರದಿತ್ತು ಹೇಳ್ರಿ ಅಂದ. ಹ್ಯಾಂಗ ಹೇಳಲಿ? ಅಕ್ಷರನ ಉಳದಿಲ್ಲ. ಹಂಗ ಹಾಲಿನ ಸತ್ವಾನೂ ಸಣ್ಣಗ ಹರದಾರಂತ. ಕೂಸಿನ ಮೈಗೆ ಅದು ಹಾಲು ಅಂತ ಗುರ್ತ ಸಿಗೂದಿಲ್ಲಂತ. ಅದಕ್ಕ ಕಹಿ, ಅದಕ್ಕ ವಾಸನಿ.”

ಅಲ್ಲಿಂದ ಆಚೆ ಡಬ್ಬಿಯ ಮೇಲಿನ ಸಂಶಯ ತೀರಿತು. ಆದರೆ ಕೂಸು ನಂಬಬೇಕಲ್ಲ! ಬಾಟಲಿ ತುಟಿಗೆ ತಾಗಿದರೆ ಸಾಕು, ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಚೀರುತ್ತಿತ್ತು. ಬಾಯಿಗೆ ಹೋದ ಒಂದು ಗುಟುಕನ್ನೂ ನಾಲಿಗೆಯಿಂದ ಹೊರಗೆ ತಳ್ಳುತ್ತಿತ್ತು. ಮೂಗು ಹಿಡಿದು ಸುರಿಯಿರಿ ಎಂದು ಓಣಿಯ ಹೆಂಗಸೊಬ್ಬರು ಹೇಳಿದಾಗ ಮಾವನವರು ಅವರನ್ನು ಬಾಗಿಲ ತನಕ ಕಳಿಸಿ ಬಂದರು. ಕೂಸಿನ ಕೆನ್ನೆ ಇಳಿಯುತ್ತಿತ್ತು. ತೊಡೆಯ ಚರ್ಮ ಸಡಿಲವಾಗಿ ನೆರಿಗೆ ಬಿದ್ದಿತ್ತು.

ನಾಲ್ಕಾರು ದಿನ ಮಾವನವರು ಸುಮ್ಮನೆ ಕೂತು ನೋಡಿದರು. ಕೂಸನ್ನು ನೋಡಿದ್ದಕ್ಕಿಂತ ನನ್ನನ್ನೇ ಹೆಚ್ಚು ನೋಡಿದರು.

“ಯವ್ವಾ, ಬಾಟಲಿ ಎತ್ತೂ ಮುಂದ ನೀ ಉಸಿರ ಹಿಡಿತಿ. ಮಾರಿ ಸಿಂಡರಸ್ತಿ,” ಎಂದರು. “ಕೂಸು ನಿನ್ನ ಮಾರಿ ನೋಡೇ ಸಂಶೇ ಪಡತೈತಿ. ತಾಯಿಗೇ ಬ್ಯಾಡಾದದ್ದು ನನಗ ಯಾಕ ಅಂತ. ನಾನಾಗಿದ್ರೂ ಕುಡೀತಿದ್ದಿಲ್ಲ.”

ಅಂದಿನಿಂದ ಕುಡಿಸುವ ಕೆಲಸ ಅವರದಾಯಿತು. ಬಾಟಲಿ ಬಿಟ್ಟು ಸಣ್ಣ ಬಟ್ಟಲು, ಚಮಚ ತೆಗೆದುಕೊಂಡರು. ಬೆಚ್ಚಗಿದ್ದರೆ ವಾಸನೆ ಹೆಚ್ಚು ಏಳುತ್ತದೆಂದು ಆರಿಸಿಯೇ ಕೊಡುತ್ತಿದ್ದರು. ಕೂಸು ಹಸಿದು ಚೀರುವ ತನಕ ಕಾಯದೆ, ನಿದ್ದೆಯಿಂದ ಎದ್ದು ಕೈಕಾಲು ಬಡಿದು ಆಡುವ ಹೊತ್ತಿಗೆ ತೊಡೆಯ ಮೇಲೆ ಕೂರಿಸಿಕೊಳ್ಳುವರು. ಮೊದಲ ದಿನ ಬಟ್ಟಲನ್ನು ಅದರ ಕೈಗೇ ಕೊಟ್ಟು ಚೆಲ್ಲಲು ಬಿಟ್ಟರು. ಆಮೇಲೆ ಬೆರಳ ತುದಿಯಲ್ಲಿ ಹನಿ ಹಿಡಿದು ತುಟಿಯ ಹತ್ತಿರ ನಿಲ್ಲಿಸುವರು. ತಾವಾಗಿ ಬಾಯಿಗೆ ಹಾಕುತ್ತಿರಲಿಲ್ಲ. “ನೋಡವಾ, ಚಲೋ ಹಂಗ ನೋಡು. ಅವಸರಿಲ್ಲ,” ಎಂದು ಕಂಡಕ್ಟರ್ ದನಿಯಲ್ಲಿ ಊರುಗಳ ಹೆಸರು ಕೂಗುವರು. ತಾವೂ ಒಂದು ಚಮಚ ಕುಡಿದು, ಮುಖದ ಒಂದು ಗೆರೆಯೂ ಅಲುಗದಂತೆ ನುಂಗುವರು. ಅದೊಂದು ದಿನ ಕೂಸು ತಾನಾಗಿ ನಾಲಿಗೆ ಚಾಚಿ ಹನಿ ನೆಕ್ಕಿತು. ಸ್ವಲ್ಪ ದಿನಕ್ಕೆ ಚಮಚ ಕಂಡರೆ ಬಾಯಿ ತೆರೆಯಿತು.

ಈಗ ಸಂಶಯ ಬಂದದ್ದು ನನಗೆ. ನನ್ನ ಕೈಯಲ್ಲಿ ಒಂದು ಹನಿ ಕುಡಿಯದ ಕೂಸು ಇವರ ಕೈಯಲ್ಲಿ ಬಟ್ಟಲು ಖಾಲಿ ಮಾಡುತ್ತದೆಂದರೆ ಇವರು ಏನೋ ಬೆರೆಸುತ್ತಿರಬೇಕು. ಬೆಲ್ಲವೋ, ಕದ್ದು ತಂದ ಹಾಲೋ? ಒಂದು ಮಧ್ಯಾಹ್ನ ಪಡಸಾಲೆಯ ಬಾಗಿಲ ಹಿಂದೆ ಮರೆಯಾಗಿ ನಿಂತು ನೋಡುತ್ತಿದ್ದೆ. ಬಳೆಯ ಸದ್ದಿಗೆ ಅವರು ತಿರುಗಿದರು. ನನಗೆ ನೆಲ ಬಿರಿಯಬಾರದೇ ಅನಿಸಿತು. ಅವರ ಮುಖ ಮಾತ್ರ ಅರಳಿತು. ಅಷ್ಟು ಸಂತೋಷಪಟ್ಟದ್ದನ್ನು ನಾನು ಮೊದಲು ಕಂಡಿರಲಿಲ್ಲ.

“ಬಾ ಬಾ. ಸಂಶೇ ಬಂತಿಲ್ಲೋ? ಬರಬೇಕು! ತಗೋ, ಕುಡದ ನೋಡು,” ಎಂದು ಬಟ್ಟಲು ಚಾಚಿದರು.

ಕುಡಿದೆ. ಅದೇ ಕಹಿ, ಅದೇ ಗೋಣಿಚೀಲ. ನಾನು ಮುಖ ಸಿಂಡರಿಸಲಿಲ್ಲ. ಕೂಸು ನನ್ನನ್ನೇ ನೋಡುತ್ತಿತ್ತು.

ಕೆನ್ನೆ ಮತ್ತೆ ತುಂಬಿದ ಮೇಲೆ ಮಗಳನ್ನು ತೋರಿಸಲು ಯಾವಗಲ್ಲಿಗೆ ಹೋದೆವು. ಮಾವನವರ ಅಕ್ಕ, ನಾನು ಅತ್ತೆ ಎಂದೇ ಕರೆಯುತ್ತಿದ್ದವರು, ಡಬ್ಬಿಯ ಪುಡಿ ಮೂಸಿ ಮುಖ ತಿರುಗಿಸಿದರು. “ಇಂಥಾ ಹೊಲಸು ಕುಡಿಸಿ ಕೂಸಿನ ಹೊಟ್ಟಿ ಕೆಡಸ್ತೀರಿ. ಮನಿ ಆಕಳ ಹಾಲಿಗೆ ಏನಾಗೇತಿ?” ಎಂದರು. ಮಾವನವರು ಕಾಗದ ಹರಿದು ತೋರಿಸಿದರು. ಅಕ್ಕ ಆಯಿತೆಂದು ತಲೆಯಾಡಿಸಿದರು. ಬೇರೆ ಯಾರಾದರೂ ಹಾಗೆ ತಲೆಯಾಡಿಸಿದ್ದರೆ ಮಾವನವರು ಕೂಸನ್ನು ಬಿಟ್ಟು ಅಲುಗುತ್ತಿರಲಿಲ್ಲ. ಅಕ್ಕನ ಕೈಗೆ ಕೊಟ್ಟು ಹೊಲ ನೋಡಿಬರಲು ಮಗನ ಜೊತೆ ಹೋದರು. ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದೆ.

ಕೂಸಿನ ಕೆಮ್ಮು ಕೇಳಿ ಓಡಿಬಂದೆ. ತುಟಿ ಊದಿ ಮೇಲೆದ್ದಿತ್ತು. ಕಣ್ಣುಗಳು ಸಂದಿಯಂತಾಗಿದ್ದವು. ಎದೆಯಲ್ಲಿ ಸೀಟಿಯಂಥ ಸದ್ದು. ಅತ್ತೆ ಗೋಡೆಗೆ ಒರಗಿ ನಿಂತುಬಿಟ್ಟಿದ್ದರು. ಅವರ ಕೈಯಲ್ಲಿ ಚಮಚ ಇತ್ತು.

ನನ್ನ ಕೂಗಿಗೆ ಮಾವನವರು ಮನೆಯ ಬದಿಯ ಹೊಲದಿಂದ ಓಡಿಬಂದರು. ಯಾರನ್ನೂ ಏನೂ ಕೇಳಲಿಲ್ಲ. ಕೂಸನ್ನು ಕಸಿದುಕೊಂಡು ರಸ್ತೆಗೆ ಓಡಿದರು, ಹಿಂದೆ ನಾವು. ನರಗುಂದದ ಕಡೆಯಿಂದ ರೋಣಕ್ಕೆ ಹೋಗುವ ಬಸ್ಸು ಬರುತ್ತಿತ್ತು. ನಡುರಸ್ತೆಯಲ್ಲಿ ನಿಂತು ಅಡ್ಡ ಹಾಕಿದರು. ಕಂಡಕ್ಟರ್ ಅವರ ಕೈಕೆಳಗೆ ಕೆಲಸ ಕಲಿತವನು.

“ರೋಣದ ದವಾಖಾನಿ ತನಕಾ ಎಲ್ಲೂ ನಿಲ್ಲಸಬ್ಯಾಡೋ ತಮ್ಮಾ. ಕೈ ಮಾಡಿದ್ರೂ ನಿಲ್ಲಸಬ್ಯಾಡ. ಇಳಿಯೂ ಮಂದಿ ನನ್ನ ಬೈಲಿ,” ಎಂದರು.

ಯಾರೂ ಬೈಯಲಿಲ್ಲ. ತಮ್ಮ ಊರು ದಾಟಿಹೋಗುತ್ತಿದ್ದರೂ ಒಬ್ಬರೂ ಬಾಯಿ ಬಿಡಲಿಲ್ಲ. ರೋಣದಲ್ಲಿ ಬಸ್ಸು ದವಾಖಾನೆಯ ಬಾಗಿಲಿಗೇ ಹೋಯಿತು. ಸೂಜಿ ಚುಚ್ಚಿದರು, ಮೂಗಿಗೆ ಗಾಳಿಯ ಕೊಳವೆ ಇಟ್ಟರು. “ಏನು ಕೊಟ್ಟಿದ್ದಿರಿ?” ಎಂದು ಡಾಕ್ಟರು ಕೇಳಿದರು. ಹಿಂದಿನಿಂದ ಅತ್ತೆಯ ದನಿ ಬಂತು. “ಹಾಲ್ರಿ. ಆಕಳ ಹಾಲು. ನಾನ ಕೊಟ್ಟೆ.” ಬರಿಗಾಲಲ್ಲೇ ಬಸ್ಸು ಹತ್ತಿ ಬಂದಿದ್ದರು.

ಸಂಜೆಗೆ ಊತ ಇಳಿಯಿತು. ಕೂಸು ಹಸಿದು ಅಳತೊಡಗಿತು. ನನ್ನ ಗಂಡ ಯಾವಗಲ್ಲಿಗೆ ಹೋಗಿ ಡಬ್ಬಿ ತಂದಿದ್ದರು. ಮಾವನವರು ಪುಡಿ ಕಲಸಿ ಬಟ್ಟಲನ್ನು ಹಿಡಿದು ಎದ್ದರು. ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದ ಅಕ್ಕನ ಮುಂದೆ ಹೋಗಿ ನಿಂತರು. ಈಗ ಬೈಗುಳ ಬೀಳುತ್ತದೆ ಎಂದು ಎಲ್ಲರೂ ಕಾದೆವು.

“ಅಕ್ಕಾ, ನೀನ ಕುಡಸು,” ಎಂದರು.

“ಬ್ಯಾಡೋ ತಮ್ಮಾ. ನನ್ನ ಕೈ ಸುಡಲಿ.”

“ತಗೋ ಅಂತೀನಿ.”

ನಾನು ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದೆ. ಮಾವನವರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. “ಇವತ್ತ ಆಕಿ ಕಣ್ಣಾರೆ ನೋಡ್ಯಾಳವ್ವಾ. ಇನ್ನ ಈ ಕೂಸಿನ ಬಾಯಿಗೆ ಹಾಲು ಹೋಗದಂಗ ಕಾಯಾಕ ಆಕಿನ್ನ ಬಿಟ್ರ ಬ್ಯಾರೆ ಯಾರೂ ಸಿಗೂದಿಲ್ಲ.” ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಟ್ಟಲು ತೆಗೆದುಕೊಂಡರು. ಕೂಸು ಏನೂ ಆಗದವರ ಹಾಗೆ ಬಾಯಿ ತೆರೆದು ಚಮಚಕ್ಕೆ ಕಾಯಿತು.

ಅವರ ಮಾತು ಸುಳ್ಳಾಗಲಿಲ್ಲ. ಆಮೇಲೆ ಅತ್ತೆ ನಮ್ಮಲ್ಲೇ ಬಂದು ಬಹಳ ದಿನ ಇದ್ದರು. ಮದುವೆ ಮುಂಜಿಗಳಲ್ಲಿ ಮಗಳನ್ನು ಮಡಿಲಿನಿಂದ ಇಳಿಸದೆ, ಪೇಡೆ ಹಿಡಿದು ಬಂದವರನ್ನು ದೂರದಲ್ಲೇ ತಡೆಯುತ್ತಿದ್ದರು. “ಏನೈತಿ ಕೈಯಾಗ? ತೋರಸು” ಎನ್ನುವ ಅವರ ದನಿ ಥೇಟ್ ತಮ್ಮನದೇ ಆಗಿತ್ತು.

ಮಗಳಿಗೆ ಮೂರು ವರ್ಷ ತುಂಬಿದ ಮೇಲೆ ಗದಗಿನ ಡಾಕ್ಟರು ತಮ್ಮ ಎದುರಿಗೇ ಹನಿಹನಿಯಾಗಿ ಹಾಲು ಕೊಟ್ಟು ನೋಡಿದರು. ಏನೂ ಆಗಲಿಲ್ಲ. ಇನ್ನು ಮನೆಗೆ ಹೋಗಬಹುದು ಎಂದರೂ ಮಾವನವರು ಏಳಲಿಲ್ಲ. “ಇರ್ರಿ, ಇನ್ನೊಂದೀಟ ನೋಡೂನು,” ಎಂದು ಹೊತ್ತು ಮುಳುಗುವ ತನಕ ಮೊಮ್ಮಗಳ ತುಟಿಯನ್ನೇ ನೋಡುತ್ತ ಬೆಂಚಿನ ಮೇಲೆ ಕೂತರು. ಆಮೇಲೆ ಅವಳನ್ನು ಎತ್ತಿಕೊಂಡು ಬಸ್ ನಿಲ್ದಾಣದ ತನಕ ನಡೆದರು.

ಮರುವರ್ಷದ ಚಳಿಗಾಲದಲ್ಲಿ ಒಂದು ಮುಂಜಾನೆ ಗಜೇಂದ್ರಗಡದ ಬಸ್ ನಿಲ್ದಾಣಕ್ಕೆ ಎಂದಿನಂತೆ ಹೋದವರು ಅಲ್ಲಿಯ ಕಲ್ಲುಬೆಂಚಿನ ಮೇಲೆ ಕೂತಲ್ಲೇ ಹೋಗಿಬಿಟ್ಟರು. ಬಸ್ಸುಗಳನ್ನು ನೋಡುತ್ತಿದ್ದಾರೆಂದು ಜನ ಬಹಳ ಹೊತ್ತು ಅವರನ್ನು ಮಾತಾಡಿಸಲಿಲ್ಲವಂತೆ.

ಮಗಳು ಈಗ ನನ್ನ ಎತ್ತರಕ್ಕೆ ಬೆಳೆದಿದ್ದಾಳೆ. ಊಟದ ಕೊನೆಗೆ ಮೊಸರು ಇಲ್ಲದಿದ್ದರೆ ಮುನಿಸಿಕೊಳ್ಳುತ್ತಾಳೆ. ಮಾವನವರಿಗೆ ನಾನು ಒಮ್ಮೆಯೂ ಉಪಕಾರದ ಮಾತು ಹೇಳಲಿಲ್ಲ. ಹೇಳಿದ್ದರೆ ಅವರು ಖಂಡಿತ ಕಣ್ಣು ಕಿರಿದು ಮಾಡಿ, “ಯಾಕವಾ, ಏನರ ಬೇಕಾಗೇತೇನು?” ಎಂದು ಕೇಳುತ್ತಿದ್ದರು.

ಬೇಕಾಗಿತ್ತು. ಇನ್ನೊಂದಿಷ್ಟು ವರ್ಷ ಇರ್ರಿ ಮಾವಾರ ಅನ್ನುತ್ತಿದ್ದೆ.