ಹುಣಸೆಹುಳಿಗೆ ಬಿದ್ದ ತೋಟಾಗಳು

ನನಗೂ ನನ್ನ ಗಂಡನಿಗೂ ಜಾತಕ ಕೂಡಿತ್ತು, ತೋಟಾ ಕೂಡಲಿಲ್ಲ.

ಅವರ ರೈಫಲ್ಲು ತ್ರೀ-ತರ್ಟಿಎಯ್ಟ್, ನನ್ನದು ತರ್ಟಿಫೈವ್. ನೋಡಿದರೆ ಎರಡೂ ಒಂದೇ ತಾಯಿಯ ಮಕ್ಕಳು. ತರ್ಟಿ-ಆಟ್-ಸಿಕ್ಸ್ ಎಂಬ ಹಳೆಯ ತೋಟಾದ ಹಿತ್ತಾಳೆ ಕೊಳವೆಯ ಬಾಯನ್ನು ಸ್ವಲ್ಪ ಅಗಲಿಸಿದರೆ ಅವರದು, ಇನ್ನೂ ಅರ್ಧ ಮಿಲಿಮೀಟರು ಅಗಲಿಸಿದರೆ ನನ್ನದು. ಆ ಅರ್ಧ ಮಿಲಿಮೀಟರಿನ ಮೇಲೆ ಕಡಲಾಚೆಯ ರೆಂಟನ್ ಊರಿನ ನಮ್ಮ ಮನೆಯಲ್ಲಿ ಎಷ್ಟು ಕಪ್ ಚಹಾ ಆರಿಹೋಗಿದೆಯೋ.

"ನನ್ ಬುಲೆಟ್ ಉದ್ದ, ಸಪೂರ. ಗಾಳಿ ಸೀಳ್ಕೊಂಡ್ ಹೋಗುತ್ತೆ. ಕಣಿವೆ ಆಚೆ ನಿಂತಿದ್ರೂ ತಲುಪುತ್ತೆ ಕಣೇ," ಎನ್ನುತ್ತಾರೆ ಅವರು.

"ಕಣಿವಿ ಎಲ್ಲೈತ್ರೀ ಇಲ್ಲಿ? ನಾಕು ಫರ್ ಗಿಡ ಅಡ್ಡ ಬಂದ್ರ ಮುಂದಿಂದು ಕಾಣಂಗಿಲ್ಲ. ಇಂಥಾ ಕಾಡಿನ್ಯಾಗ ಸಮೀಪದಿಂದ ಗಟ್ಟಿ ಏಟು ಬೀಳಬೇಕು. ಅದಕ್ಕ ದಪ್ಪಂದೇ ಬೇಕು," ಎನ್ನುತ್ತೇನೆ ನಾನು. ಅವರು ಮೈಸೂರಿನವರು, ನಾನು ಗದಗ ಕಡೆಯವಳು. ಸೋಲೊಪ್ಪುವ ಅಭ್ಯಾಸ ಇಬ್ಬರಿಗೂ ಇಲ್ಲ.

ತೋಟಾಗಳನ್ನು ನಾವು ಅಂಗಡಿಯಿಂದ ತರುವುದಿಲ್ಲ, ಗ್ಯಾರೇಜಿನಲ್ಲಿ ಕೈಯಾರೆ ಕಟ್ಟುತ್ತೇವೆ. ಹೊಡೆದು ಖಾಲಿಯಾದ ಕೊಳವೆಯನ್ನು ಪ್ರೆಸ್ಸಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಸುರಿದು, ಬಾಯಿಗೆ ಬುಲೆಟ್ ಸಿಕ್ಕಿಸುವುದು. ನಮ್ಮ ಬಳಗದ ಬೇರೆ ದಂಪತಿಗಳು ಭಾನುವಾರ ಎಜುಕೇಶನ್ ಹಿಲ್ ಎಂಬ ದುಬಾರಿ ಬಡಾವಣೆಯಲ್ಲಿ ಮನೆ ನೋಡಲು ಹೋಗುತ್ತಾರೆ. ನಾವು ಬೆನ್ನಿಗೆ ಬೆನ್ನು ಮಾಡಿ ಕೂತು ಮದ್ದು ತೂಗುತ್ತೇವೆ.

ಕಳೆದ ವರ್ಷ ಶರತ್ಕಾಲದಲ್ಲಿ, ನಾನು ಕೆಲಸ ಮಾಡುವ ವಿಮಾನದ ಕಾರ್ಖಾನೆಯ ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ ಬೇಟೆಯ ಕ್ಯಾಂಪಿಗೆ ಕರೆದರು. ಬೇಟೆ ಎಲ್ಕಿನದು, ನಮ್ಮ ಕಡವೆಗಿಂತ ದೊಡ್ಡ ಜಾತಿಯ ಜಿಂಕೆ. ಲೈಸೆನ್ಸು ನಮ್ಮಿಬ್ಬರಿಗೂ ಇತ್ತು. ಆದರೆ ಅವರ ಡೇರೆಯಲ್ಲಿ ಖಾಲಿ ಇದ್ದದ್ದು ಒಂದೇ ಮಂಚ. "ಯಾರು ಬರುತ್ತೀರೋ ನೀವೇ ತೀರ್ಮಾನಿಸಿ," ಎಂದು ನಕ್ಕು ಹೋದರು.

ನಮ್ಮ ಮನೆತನದಲ್ಲಿ ಡಿಗ್ರಿ ಮುಖ ಕಂಡ ಮೊದಲನೆಯವಳು ನಾನು. ಇರುವುದು ಒಂದೇ ಸೀಟು ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಎಚ್ಚರವಾಗುತ್ತದೆ. ಗಂಡ ಟಾಸ್ ಹಾಕೋಣ ಎಂದರು. ನಾನು ಒಪ್ಪಲಿಲ್ಲ. ಅವರವರು ಕಟ್ಟಿದ ತೋಟಾ, ನೂರು ಗಜ ದೂರ, ಮೂರು ಗುಂಡು. ಯಾರ ತೂತುಗಳು ಹತ್ತಿರ ಹತ್ತಿರ ಬೀಳುತ್ತವೋ ಅವರಿಗೆ ಮಂಚ ಎಂದು ತೀರ್ಮಾನವಾಯಿತು.

ಆ ಹೊತ್ತಿಗೆ ನನ್ನತ್ತೆ ದೀಪಾವಳಿಗೆಂದು ಮೈಸೂರಿನಿಂದ ಬಂದಿದ್ದರು. ಪಂದ್ಯಕ್ಕೆ ಒಂದು ವಾರ ಇರುವಾಗ ದೇವರ ದೀಪಗಳನ್ನು ತೊಳೆಯಲು ಹುಣಸೆಹಣ್ಣು ಕಿವುಚಿದರು. ಗ್ಯಾರೇಜಿನಲ್ಲಿ ಗಂಡನ ಕೊಳವೆಗಳು ಪಾಲಿಶ್ ಯಂತ್ರದಲ್ಲಿ ಉರುಳಿ, ಫಳಫಳ ಹೊಳೆಯುತ್ತ ಡಬ್ಬಿಯಲ್ಲಿ ಸಾಲಾಗಿ ನಿಂತಿದ್ದವು. ನನ್ನವು ಮಸಿ ಮೆತ್ತಿಕೊಂಡು ಒಂದು ಬೇಸಿನ್ನಿನಲ್ಲಿ ಬಿದ್ದಿದ್ದವು. ಅತ್ತೆಗೆ ಸೊಸೆಯ ಮೇಲೆ ಕನಿಕರ ಬಂತು. ಬೇಸಿನ್ನಿಗೇ ಹುಳಿ ಸುರಿದು ನೆನೆಹಾಕಿ ಒಳಗೆ ಹೋದವರು ಧಾರಾವಾಹಿ ನೋಡುತ್ತ ಮರೆತೇಬಿಟ್ಟರು.

ಮರುದಿನ ನನ್ನನ್ನು ಕೂಗಿ ಕರೆದು ತೋರಿಸಿದರು. "ನೋಡಮ್ಮಾ, ನಿನ್ ಪುಟ್ಟ ಪುಟ್ಟ ಚೆಂಬುಗಳು ಹೆಂಗಾಗಿವೆ! ಗುಲಾಬಿ ಹೂವಿನ ಹಂಗೆ!"

ಹಿತ್ತಾಳೆ ಹುಳಿಯಲ್ಲಿ ಬಹಳ ಹೊತ್ತು ನೆನೆದರೆ ಅದರೊಳಗಿನ ಸತು ಬಿಟ್ಟುಹೋಗಿ ತಾಮ್ರದ ಬಣ್ಣ ಉಳಿಯುತ್ತದೆ. ಅಂಥ ಕೊಳವೆಯನ್ನು ನಂಬುವಂತಿಲ್ಲ, ಅದು ಸಿಡಿಯುವುದು ನಮ್ಮ ಕೆನ್ನೆಯ ಪಕ್ಕದಲ್ಲೇ.

"ಭಾಳ ಚಂದ ಆಗ್ಯಾವ್ರಿ ಅತ್ತೀ," ಎಂದೆ. ಅತ್ತೆ ಒಳಗೆ ಹೋದ ಮೇಲೆ ಒಂದೊಂದರ ಬಾಯನ್ನೂ ಇಕ್ಕಳದಲ್ಲಿ ಅಪ್ಪಚ್ಚಿ ಮಾಡಿ ಕಸಕ್ಕೆ ಹಾಕಿದೆ. ಗಂಡ ಬಾಗಿಲಿಗೆ ಒರಗಿ ನಿಂತು, "ಅಯ್ಯೋ ಪಾಪ. ಕ್ಯಾಂಪಿಗೆ ನಾನೇ ಹೋಗ್ಬೇಕಾಯ್ತಲ್ಲ," ಎಂದು ನಗು ತಡೆಯಲು ತುಟಿ ಕಚ್ಚಿಕೊಂಡರು.

"ತಡೀರಿ, ಇನ್ನೂ ವಾರ ಐತಿ," ಎಂದು ಅಟ್ಟದಿಂದ ಕಾಫಿ ಡಬ್ಬಿಯೊಂದನ್ನು ಇಳಿಸಿದೆ. ಶೂಟಿಂಗ್ ರೇಂಜಿನಲ್ಲಿ ಬೇರೆಯವರು ಹೊಡೆದು ಬಿಟ್ಟುಹೋದ ತರ್ಟಿ-ಆಟ್-ಸಿಕ್ಸ್ ಕೊಳವೆಗಳನ್ನು, ಅಲ್ಲಿಯವರನ್ನು ಕೇಳಿ, ಆಗಾಗ ಹೆಕ್ಕಿ ತಂದಿಟ್ಟಿದ್ದೆ. ಒಂದೊಂದನ್ನೂ ಬೆಳಕಿಗೆ ಹಿಡಿದು, ಬಿರುಕು ಕಂಡದ್ದನ್ನು ಎಸೆದು, ಉಳಿದವುಗಳ ಬಾಯಿ ಅಗಲಿಸತೊಡಗಿದೆ.

"ಬೇರೆಯವರ ಬಂದೂಕಿನಿಂದ ಉದುರಿದ್ದಾ? ಎಂಜಲಲ್ವೇನಮ್ಮಾ ಅದು?" ಎಂದು ಅತ್ತೆ ಮುಖ ಕಿವುಚಿದರು.

"ಹಂಗೆ ಕೇಳಮ್ಮಾ! ನಿನ್ ಸೊಸೆ ಎಂಜಲು ಕಟ್ಕೊಂಡು ಪಂದ್ಯಕ್ಕೆ ಬರ್ತಾಳಂತೆ," ಎಂದರು ಗಂಡ.

"ನಾ ಇಂಜಿನಿಯರಿಂಗ್ ಓದಿದ್ದು ಪೂರಾ ಮಂದಿ ಓದಿ ಬಿಟ್ಟ ಪುಸ್ತಕದಾಗ್ರಿ ಅತ್ತೀ. ಡಿಗ್ರಿ ಏನ್ ಎಂಜಲಾತೇನು?"

ಅತ್ತೆ ಯೋಚಿಸಿದರು. "ಅದೂ ಸರಿ ಅನ್ನು. ಹಂಗಾದ್ರೆ ಇವನ್ನೂ ಒಂದ್ಸಲ ಹುಣಸೆಹಣ್ಣಲ್ಲಿ..."

"ಬೇಡ!" ಎಂದು ಗಂಡ ಹೆಂಡತಿ ಒಟ್ಟಿಗೆ ಕೂಗಿದೆವು. ಆ ವಾರ ನಾವು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ಶನಿವಾರ ಅತ್ತೆಯೂ ರೇಂಜಿಗೆ ಬಂದರು. ಸೀರೆಯ ಮೇಲೆ ಜಾಕೆಟ್ಟು, ಕಿವಿಗೆ ದೊಡ್ಡ ಇಯರ್‌ಮಫ್, ಮಡಿಲಲ್ಲಿ ಕೋಡುಬಳೆಯ ಡಬ್ಬಿ. ಮೊದಲು ಗಂಡ ಹೊಡೆದರು. ಆಮೇಲೆ ನಾನು. ಎರಡನೆಯ ಗುಂಡಿಗೆ ಉಸಿರು ಹಿಡಿಯುವುದು ಮರೆತೆನೇನೋ ಅನ್ನಿಸಿತು, ಮೂರನೆಯದಕ್ಕೆ ಕಾದು ಕಾದು ಒತ್ತಿದೆ. ಕಾಗದಗಳನ್ನು ತಂದು ಬೆಂಚಿನ ಮೇಲೆ ಹರಡಿದಾಗ ಬರಿಗಣ್ಣಿಗೆ ಎರಡೂ ಒಂದೇ ಥರ ಕಂಡವು.

"ಪಕ್ಕಕ್ಕೆ ಸರೀರಿ ಇಬ್ರೂ," ಎಂದ ಅತ್ತೆ ಡಬ್ಬಿಯಿಂದ ಒಂದು ಕೋಡುಬಳೆ ತೆಗೆದು ನನ್ನ ತೂತುಗಳ ಮೇಲಿಟ್ಟರು. ಮೂರೂ ಬಳೆಯ ಒಳಗೆ ನೆಟ್ಟಗೆ ಕೂತವು. ಅದೇ ಕೋಡುಬಳೆಯನ್ನು ಮಗನ ಕಾಗದಕ್ಕೆ ಇಟ್ಟರು. ಎರಡು ಒಳಗೆ, ಒಂದು ಬಳೆಯ ಅಡಿಗೆ ಹೋಗಿ ಅಡಗಿತು.

"ಅಮ್ಮಾ, ಅದು ದುಂಡಗಿಲ್ಲ! ಆ ಕಡೆ ತಿರುಗ್ಸಿ ಇಡು!"

"ನಾನು ಮಾಡಿದ ಕೋಡುಬಳೆ ದುಂಡಗಿಲ್ಲ ಅಂತೀಯೇನೋ?" ಎಂದವರೇ ಅದನ್ನು ಕಟುಂ ಎಂದು ಕಚ್ಚಿದರು. ಗಂಡ ಬ್ಯಾಗಿನಿಂದ ವರ್ನಿಯರ್ ತೆಗೆದು ಅಳೆದರು. ಮತ್ತೆ ಅಳೆದರು. ಬಾಗಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಅಳೆದು ವರ್ನಿಯರನ್ನು ಬ್ಯಾಗಿಗೆ ಹಾಕಿಕೊಂಡರು. ಮಂಚ ನನಗೆ ಬಂತು.

ನಾನು ಕ್ಯಾಂಪಿಗೆ ಹೊರಡುವ ದಿನ ಗಂಡ ತಮ್ಮ ದಪ್ಪ ಸ್ಲೀಪಿಂಗ್ ಬ್ಯಾಗನ್ನು ತಂದು ಕಾರಿನಲ್ಲಿಟ್ಟರು. "ನಿಂದು ತೆಳ್ಳಗಿದೆ, ಬೆಟ್ಟದಲ್ಲಿ ಚಳಿ," ಎಂದರು, ನನ್ನ ಮುಖ ನೋಡದೆ. ಸಲಿಗೆ ಸಿಕ್ಕಿತಲ್ಲ ಎಂದು ನಾನು, "ನಡುವ ನನ್ನ ರೈಫಲ್ ಕೈಕೊಟ್ರ ಇರ್ಲಿ, ನಿಮ್ದೂ ಒಯ್ಯಲೇನ್ರೀ?" ಎಂದೆ.

ಅವರು ಗ್ಯಾರೇಜಿಗೆ ಹೋಗಿ ತಮ್ಮ ರೈಫಲ್ಲಿನ ಬೀರುವಿಗೆ ಬೀಗ ಜಡಿದು ಬಂದರು.